ಎಡಗಡೆಯ ಕುರ್ಚಿ

ಆ ದಿನ ಬೆಳಿಗ್ಗೆ ನಾನು ಅರ್ಧ ಜನರ ಹೆಸರು ಮಾತ್ರ ಕೂಗಿದೆ.

ಹಾಗಾಯಿತೆಂದು ನನಗೆ ಗೊತ್ತಾಗಲಿಲ್ಲ. ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿಗೆ ಹೋದರು, ಎಷ್ಟು ಚೀಲ ಹಣ್ಣು ಬಂತು ಎಂದು ಬರೆದಿಡುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಏಳೂವರೆಗೆ ಕಾಫಿ ಕಣದ ಮುಂದೆ ಆಳುಗಳೆಲ್ಲ ಸಾಲಾಗಿ ನಿಲ್ಲುತ್ತಾರೆ, ನಾನು ಹೆಸರು ಕೂಗಿ ಮಸ್ಟರ್ ತೆಗೆದುಕೊಳ್ಳುತ್ತೇನೆ. ಹೆಸರುಗಳೆಲ್ಲ ಬಾಯಿಪಾಠ. ಪುಸ್ತಕ ನೋಡುವುದಿಲ್ಲ. ಮುಖ ನೋಡುತ್ತೇನೆ, ಕೂಗುತ್ತೇನೆ, ಗುರುತು ಹಾಕುತ್ತೇನೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಜನವರಿ ತಿಂಗಳು. ರೊಬಸ್ಟಾ ಪಿಕಿಂಗ್ ಜೋರಾಗಿತ್ತು. ಕೂಗಿ ಮುಗಿಸಿ ಪೆನ್ನಿಗೆ ಕ್ಯಾಪ್ ಹಾಕುವುದರಲ್ಲಿದ್ದೆ.

"ರೈಟ್ರೇ, ನಮ್ಮನ್ನ ಕರೀಲೇ ಇಲ್ಲ" ಎಂದಳು ಒಬ್ಬ ಹೆಂಗಸು.

ದನಿ ಎಲ್ಲಿಂದ ಬಂತೋ ತಿಳಿಯಲಿಲ್ಲ. ಬಲಕ್ಕೆ ನೋಡಿದೆ. ಅಲ್ಲಿ ನಿಂತವರನ್ನೆಲ್ಲ ಕೂಗಿ ಆಗಿತ್ತು. "ಕರೆದಾಯ್ತಲ್ಲಮ್ಮ. ನಿದ್ದೆಗಣ್ಣಲ್ಲಿ ಬರ್ತೀರೇನು?" ಎಂದು ರೇಗಿದೆ. ಯಾರೋ ನಕ್ಕರು. ಆಮೇಲೆ ನಗು ತಟ್ಟನೆ ನಿಂತಿತು. ಮಸ್ಟರ್ ಪುಸ್ತಕ ನೆಲದ ಮೇಲೆ ಬಿದ್ದಿತ್ತು. ಅದನ್ನು ಎಡಗೈಯಲ್ಲಿ ಹಿಡಿದಿದ್ದವನು ನಾನೇ ಎಂದು ಆಗ ಹೊಳೆಯಲಿಲ್ಲ. ಪುಸ್ತಕವನ್ನು ಯಾರು ನೆಲಕ್ಕೆ ಹಾಕಿದರು ಎಂದು ಸಿಟ್ಟು ಬಂತು, ಅಷ್ಟೆ.

ಮುಂದಿನದು ಚೂರು ಚೂರು ನೆನಪು. ಜೀಪು. ಡ್ರೈವರನ ಮುಖ. ವಿರಾಜಪೇಟೆಯಲ್ಲಿ ಒಬ್ಬ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, "ಸ್ಟ್ರೋಕ್ ಇದ್ದ ಹಾಗಿದೆ, ತಡ ಮಾಡದೆ ಮೈಸೂರಿಗೆ ಹೊರಡಿ" ಎಂದದ್ದು. ಆಂಬುಲೆನ್ಸಿನ ಸದ್ದು. ನನ್ನ ಹೆಂಡತಿ ಸಾವಿತ್ರಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದದ್ದು. ಯಾರಿಗೆ ಸ್ಟ್ರೋಕ್ ಆಗಿದೆ ಎಂದು ನಾನು ಅವಳನ್ನು ಕೇಳಿದೆನಂತೆ.

ಇಲ್ಲಿ ಮೊಯ್ದು ಮೇಸ್ತ್ರಿಯ ಬಗ್ಗೆ ಹೇಳಬೇಕು. ಅವರಿಲ್ಲದೆ ಈ ಕಾಯಿಲೆಯ ಕಥೆ ನನಗೆ ಅರ್ಥವಾಗುವುದಿಲ್ಲ.

ಮೊಯ್ದು ನೆಲ್ಯಹುದಿಕೇರಿಯವರು, ನನಗಿಂತ ಎರಡು ವರ್ಷ ದೊಡ್ಡವರು. ಆಳುಗಳನ್ನು ಸಾಲಿಗೆ ಬಿಟ್ಟು ಕೆಲಸ ಮಾಡಿಸುವುದು ಅವರ ಪಾಲು, ಮಾಡಿದ್ದನ್ನು ಬರೆಯುವುದು ನನ್ನ ಪಾಲು. ಅವರ ಮನೆಯಲ್ಲಿ ಮಲಯಾಳ, ನಮ್ಮ ಮನೆಯಲ್ಲಿ ಹಾಸನದ ಕಡೆಯ ಕನ್ನಡ; ನಮ್ಮಜ್ಜ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಬೆಳಿಗ್ಗೆ ಹತ್ತು ಗಂಟೆಗೆ ಬ್ಲಾಕಿನಲ್ಲಿ ಎಲ್ಲಾದರೂ ಒಂದು ಮರದ ದಿಮ್ಮಿ ನೋಡಿ ಇಬ್ಬರೂ ಕೂರುತ್ತಿದ್ದೆವು. ನನ್ನ ಫ್ಲಾಸ್ಕಿನ ಟೀ, ಅವರ ಡಬ್ಬಿಯ ಪತ್ತಿರಿ ಎಂಬ ಅಕ್ಕಿರೊಟ್ಟಿ. ಮೊಯ್ದು ಅವರ ಎಡಗಿವಿ ಮಂದ. ಬಲಗಿವಿ ನನ್ನ ಕಡೆ ಇರಲೆಂದು ಅವರು ಯಾವಾಗಲೂ ನನ್ನ ಎಡಕ್ಕೇ ಕೂರುವರು. ಇಪ್ಪತ್ತೆರಡು ವರ್ಷ ಅದೇ ಜಾಗ.

ಡಿಸೆಂಬರಿನಲ್ಲಿ ನಾವು ಜಗಳವಾಡಿದೆವು. ಜಗಳವಾಡಿದೆವು ಅನ್ನುವುದು ತಪ್ಪು, ನಾನು ಆಡಿದೆ. ಮೂರನೇ ಬ್ಲಾಕಿನಲ್ಲಿ ಪಿಕಿಂಗ್ ಆದ ಸಾಲು ನೋಡಲು ಹೋದಾಗ ಗಿಡಗಳ ಒಂದು ಬದಿ ಖಾಲಿ, ಆಚೆ ಬದಿಯಲ್ಲಿ ಹಣ್ಣು ಹಾಗೇ ಇತ್ತು. ಹೊಸಬರು ಹೀಗೆ ಮಾಡುತ್ತಾರೆ. ಎದುರಿಗೆ ಸಿಕ್ಕಿದ್ದನ್ನು ಕಿತ್ತು ಮುಂದಿನ ಗಿಡಕ್ಕೆ ಹೋಗುತ್ತಾರೆ, ಸುತ್ತು ಬರುವುದಿಲ್ಲ. ಪಿಕಿಂಗ್‌ನಲ್ಲಿ ಇದಕ್ಕಿಂತ ನಾಚಿಕೆಗೇಡಿನ ತಪ್ಪಿಲ್ಲ. ಹಾಗಂತ ಅಷ್ಟು ಹೆಂಗಸರ ಮುಂದೆ ನಾನು, "ಮೇಸ್ತ್ರಿಗೆ ಕಣ್ಣು ಕಾಣ್ದೇ ಇದ್ರೆ ಮನೇಲಿ ಕೂತ್ಕೊಳ್ಳಲಿ" ಎನ್ನಬಾರದಿತ್ತು. ಗಿಡ ಬಿಟ್ಟದ್ದು ನಿಜ. ಮಾತು ಜಾಸ್ತಿಯಾದದ್ದೂ ನಿಜ.

ಮೊಯ್ದು ಹೆಗಲ ಟವೆಲು ಕೊಡವಿ ಆ ಸಾಲಿನ ಕೊನೆಗೆ ಹೋಗಿ ಹಣ್ಣು ಕೀಳಲು ಶುರುಮಾಡಿದರು. ಮಾರನೇ ದಿನದಿಂದ ಹತ್ತು ಗಂಟೆಯ ಟೀ ನಿಂತಿತು. ಮೂರು ವಾರ ನಾವು ಡ್ರೈವರನ ಮೂಲಕ ಮಾತಾಡಿದೆವು. ಎದುರು ಬಂದರೆ ನಾನು ಮುಖ ತಿರುಗಿಸುತ್ತಿದ್ದೆ. ಮಾತು ನನ್ನಿಂದ ಬಂದದ್ದಾದರೂ ಅವರೇ ಮೊದಲು ಬರಲಿ ಎಂಬ ಹಟ. ಈ ವಯಸ್ಸಿನಲ್ಲೂ ನನ್ನ ಬುದ್ಧಿ ಹೀಗೆ.

ಮೈಸೂರಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್, ಎಂಆರ್‌ಐ ಎಲ್ಲ ಆಯಿತು. ಮೆದುಳಿನ ಬಲಭಾಗದಲ್ಲಿ ಕ್ಲಾಟ್ ಎಂದರು. ಎಡಗೈ ಎಡಗಾಲಲ್ಲಿ ಶಕ್ತಿ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ. ಮಾತು ಸರಿಯಿದೆ. ಅದೃಷ್ಟವಂತರು ಎಂದರು. ನಾನೂ ಹಾಗೇ ಅಂದುಕೊಂಡೆ.

ಆದರೆ ಆ ಆಸ್ಪತ್ರೆಯಲ್ಲಿ ಏನೋ ಸರಿಯಿರಲಿಲ್ಲ.

ಊಟಕ್ಕೆ ಚಪಾತಿ ಕೊಡುತ್ತಿದ್ದರು, ಪಲ್ಯ ಕೊಡುತ್ತಿರಲಿಲ್ಲ. ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಸಾವಿತ್ರಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

ಪಲ್ಯ ಬಂತು.

ಹೇಗೆ ಬಂತು? ಇಲ್ಲದಿದ್ದದ್ದು ಬಂತು. ಅವಳು ಸೆರಗಿನಲ್ಲಿ ಇಟ್ಟುಕೊಂಡಿದ್ದಳೇ? ನಾನು ನಗಲು ನೋಡಿದೆ, ಅವಳು ನಗಲಿಲ್ಲ. ಇನ್ನೊಂದು ದಿನ ಮಂಚದ ಮೇಲೆ ಯಾರದೋ ಕೈ ಇತ್ತು. ದಪ್ಪ ಬೆರಳು, ಹಳೇ ಉಂಗುರ. ಪಕ್ಕದ ಬೆಡ್ಡಿನವರು ಕೈ ಇಲ್ಲಿ ಬಿಟ್ಟುಹೋಗಿದ್ದಾರೆ, ಕರೆದು ಹೇಳು ಎಂದೆ. ಬರೆಯುವಾಗ ನನಗೇ ನಾಚಿಕೆಯಾಗುತ್ತದೆ, ಆಗ ಅದು ಶುದ್ಧ ಸತ್ಯವಾಗಿತ್ತು. ಉಂಗುರ ನನ್ನ ಮದುವೆಯದು.

ಡಾಕ್ಟರು ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಬರೆದೆ. ಚೆನ್ನಾಗಿಯೇ ಬರೆದೆ, ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಎಸ್ಟೇಟಿನಲ್ಲಿ ಹೆಸರು. ಅವರು ಹಾಳೆಯನ್ನು ನನ್ನ ಬಲಗಣ್ಣಿನ ಮುಂದೆ ತಂದು ಹಿಡಿದರು. ಹನ್ನೆರಡು ಅಂಕಿಗಳೂ ವೃತ್ತದ ಬಲಭಾಗದಲ್ಲಿ ಒತ್ತಿಕೊಂಡು ನಿಂತಿದ್ದವು.

"ಗೌಡ್ರೇ, ನಿಮ್ಮ ಕಣ್ಣು ಚೆನ್ನಾಗಿದೆ" ಎಂದರು. "ಕಣ್ಣು ನೋಡ್ತಾ ಇದೆ. ಎಡಗಡೆ ಇರೋದನ್ನ ಮೆದುಳು ಗಮನಕ್ಕೆ ತಗೊಳ್ತಾ ಇಲ್ಲ. ಲೆಫ್ಟ್ ನೆಗ್ಲೆಕ್ಟ್ ಅಂತೀವಿ."

"ಪೂರ್ತಿ ಸರಿಹೋಗುತ್ತಾ?"

"ಸುಮಾರು ಜನಕ್ಕೆ ಸುಧಾರಿಸುತ್ತೆ. ಪೂರ್ತಿನಾ ಅಂತ ಈಗಲೇ ಹೇಳಕ್ಕಾಗಲ್ಲ."

ನನಗೆ ಒಪ್ಪಿಗೆಯಾಗಲಿಲ್ಲ. ಅರ್ಧ ಕಾಣದಿದ್ದರೆ ಅಲ್ಲಿ ಕತ್ತಲಾದರೂ ಇರಬೇಕು, ಖಾಲಿಯಾದರೂ ಇರಬೇಕು. ನನಗೆ ಎಲ್ಲವೂ ಪೂರ್ತಿಯಾಗಿಯೇ ಕಾಣುತ್ತಿತ್ತು. ತಟ್ಟೆ ಪೂರ್ತಿ, ಕೋಣೆ ಪೂರ್ತಿ, ಸಾವಿತ್ರಿ ಪೂರ್ತಿ. ಹೀಗಾಗದವರಿಗೆ ಇದನ್ನು ಹೇಗೆ ಹೇಳುವುದೋ ನನಗೆ ಇಂದಿಗೂ ತಿಳಿದಿಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣುತ್ತಿದೆ? ಕತ್ತಲೆಯಲ್ಲ ತಾನೆ. ಏನೂ ಅಲ್ಲ. ನನ್ನ ಎಡಗಡೆ ಹಾಗಾಗಿತ್ತು.

ನನ್ನ ತಲೆಯಲ್ಲಿ ಕೂತಿದ್ದ ದುಃಖ ಬೇರೆಯೇ. ಎಸ್ಟೇಟಿನಿಂದ ಮ್ಯಾನೇಜರ್ ಬಂದು ಬಲಗಡೆ ನಿಂತು ಹೋದರು. ಪಿರಿಯಾಪಟ್ಟಣದಿಂದ ಮಗಳು ಅಳಿಯ ಬಂದರು. ಡ್ರೈವರ್ ಬಾಳೆಹಣ್ಣು ತಂದ. ಮೊಯ್ದು ಬರಲಿಲ್ಲ.

ಸತ್ತೇ ಹೋಗುತ್ತಿದ್ದೆ. ಆದರೂ ಬರಲಿಲ್ಲ.

ಒಂದು ಮಾತಿಗೆ ಇಪ್ಪತ್ತೆರಡು ವರ್ಷ ಅಳಿಸಿಹೋಯಿತೇ ಎಂದು ಒಮ್ಮೆ, ಬರದಿದ್ದರೆ ಕತ್ತೆ ಬಾಲ ಎಂದು ಇನ್ನೊಮ್ಮೆ ಬಾಯಿಬಿಟ್ಟೇ ಬಯ್ದೆ. ತಡೆಯಲಾರದೆ ಸಾವಿತ್ರಿಯನ್ನು ಕೇಳಿದೆ.

"ಮೊಯ್ದು ಬರ್ಲಿಲ್ಲ ಅಲ್ವಾ?"

"ಇಲ್ಲೇ ಕೂತವ್ರಲ್ಲ ಕಣ್ರೀ, ನಿಮ್ಮ ಪಕ್ಕದಲ್ಲೇ. ತಿರುಗಿ ನೋಡಿ."

ತಿರುಗಿದೆ. ಬಲಕ್ಕೆ. ಗೋಡೆ, ಕಿಟಕಿ, ಕಿಟಕಿಯಾಚೆ ನೀರಿನ ಟ್ಯಾಂಕು. ನನ್ನನ್ನು ಸಮಾಧಾನ ಮಾಡಲು ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಎನಿಸಿತು. ಮೊಯ್ದು ಅವರ ದನಿಯೂ ಒಂದೆರಡು ಸಲ ಕೇಳಿತ್ತು, "ರೈಟ್ರೆ, ರೈಟ್ರೆ" ಎಂದು. ವರಾಂಡದಲ್ಲಿ ಅವರಂತೆ ಮಾತಾಡುವ ಇನ್ಯಾರೋ ಇದ್ದಾರೆ ಎಂದುಕೊಂಡೆ. ಸಾವಿತ್ರಿ ಮತ್ತೆ ಏನೋ ಹೇಳಲು ಬಂದಳು, "ಸಾಕು ಸುಮ್ನಿರು" ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಎತ್ತಿದರೆ ನನ್ನ ಬಿಪಿ ಏರುತ್ತಿತ್ತಂತೆ.

ಹನ್ನೊಂದನೇ ದಿನ ಫಿಸಿಯೋ ಮಾಡಿಸುವ ಹುಡುಗಿ ನನ್ನನ್ನು ಮಂಚದ ಅಂಚಿಗೆ ಕೂರಿಸಿದಳು. ಅವಳ ಕೈಯಲ್ಲಿ ಕೆಂಪು ರಿಬ್ಬನ್ ಇತ್ತು. ಅದನ್ನು ನನ್ನ ಮೂಗಿನ ಮುಂದೆ ಹಿಡಿದು ನಿಧಾನ ಸರಿಸಿದಳು.

"ರಿಬ್ಬನ್ ಬಿಡಬೇಡಿ ಅಂಕಲ್. ಎಡಕ್ಕೆ. ಇನ್ನೂ ಎಡಕ್ಕೆ."

"ಇಷ್ಟೇ, ಮುಗೀತು."

"ಇಲ್ಲ, ಇನ್ನೂ ಇದೆ. ಗಲ್ಲ ಹೆಗಲಿಗೆ ತಾಗಬೇಕು."

ಇನ್ನೂ ಏನಿರಲು ಸಾಧ್ಯ? ಕತ್ತು ನೋಯುತ್ತಿತ್ತು. ಸಿಟ್ಟಿನಲ್ಲೇ ತಿರುಗಿಸಿದೆ. ಮೊದಲು ಒಂದು ಕುರ್ಚಿಯ ಕೈ ಬಂತು. ಆಮೇಲೆ ಕಿತ್ತಳೆ ಸಿಪ್ಪೆ. ಆಮೇಲೆ ಚೌಕಳಿ ಟವೆಲು. ಆಮೇಲೆ ಮೊಯ್ದು.

ಕುರ್ಚಿಯಲ್ಲಿ ಕೂತು ಕಿತ್ತಳೆ ಬಿಡಿಸುತ್ತಿದ್ದರು.

"ಯಾವಾಗ ಬಂದ್ರಿ?" ಎಂದೆ.

ಅವರು ಸಾವಿತ್ರಿಯನ್ನು ನೋಡಿದರು, ನನ್ನನ್ನು ನೋಡಿದರು. "ಹನ್ನೊಂದು ದಿವಸ ಆಯ್ತು ರೈಟ್ರೆ" ಎಂದರು.

ನಗಬೇಕೋ ಅಳಬೇಕೋ. ಅಳುವೇ ಬಂತು, ಅದೂ ಒಂದೇ ಕಣ್ಣಿನಲ್ಲಿ ಬರುತ್ತಿದೆ ಎಂದು ಅನ್ನಿಸಿತು. ಮೊಯ್ದು ಟವೆಲಿನಲ್ಲಿ ಎರಡೂ ಕಣ್ಣು ಒರೆಸಿದರು.

ಆಮೇಲೆ ಒಂದೊಂದಾಗಿ ತಿಳಿಯಿತು. ಮಸ್ಟರಿನ ದಿನ ನಾನು ಅರ್ಧ ಜನರನ್ನು ಬಿಟ್ಟಾಗ ಓಡಿಬಂದು ಹಿಡಿದವರು ಮೊಯ್ದು. ಜೀಪಿನಲ್ಲಿ ನನ್ನ ಎಡಕ್ಕೆ ಕೂತಿದ್ದವರು ಅವರು. ಮೈಸೂರಿನಲ್ಲಿ ಅವರ ತಂಗಿಯ ಮನೆಯಿದೆ, ಅಲ್ಲಿ ಉಳಿದು ದಿನಾ ಬೆಳಿಗ್ಗೆ ಬಂದು ಸಂಜೆಯವರೆಗೆ ಕೂರುತ್ತಿದ್ದರು. ಮಧ್ಯಾಹ್ನ ನಮಾಜಿಗೆ ಎದ್ದು ಹೋಗಿ ಮತ್ತೆ ಅದೇ ಕುರ್ಚಿಗೆ. ಪಿಕಿಂಗ್ ಜೋರಾಗಿರುವಾಗ ಮೇಸ್ತ್ರಿ ರಜೆ ಹಾಕುವುದು ನಮ್ಮ ಎಸ್ಟೇಟಿನಲ್ಲಿ ಕೇಳಿಲ್ಲದ ಮಾತು. ಮ್ಯಾನೇಜರ್ ಮುಖ ಗಂಟಿಕ್ಕಿದ್ದರಂತೆ.

"ಈ ಕಡೆ ಬಂದು ಕೂರೋದಲ್ವಾ ಮಾರಾಯ್ರೆ? ಬಲಕ್ಕೆ ಬಂದಿದ್ರೆ ಮೊದಲನೇ ದಿನವೇ ಕಾಣ್ತಿದ್ರಿ" ಎಂದೆ.

"ಡಾಕ್ಟ್ರು ಎಂತ ಹೇಳಿದ್ರು? ಯಾರು ಬಂದ್ರೂ ಎಡಗಡೆ ಕೂತು ಎಡಗಡೆಯಿಂದ ಮಾತಾಡ್ಸಿ, ಆಗ ಆ ಕಡೆ ತಿರುಗ್ತಾರೆ ಅಂದ್ರು. ಎಲ್ಲರೂ ನಿಮಗೆ ಬೇಜಾರಾಗ್ತದೆ ಅಂತ ಆ ಕಡೆ ಹೋದ್ರು. ಒಬ್ಬರಾದ್ರೂ ಇಲ್ಲಿ ಕೂರಬೇಕಲ್ಲ."

"ನಾನು ಬಯ್ದದ್ದೂ ಕೇಳ್ತಾ ಕೂತಿದ್ರಾ?"

"ಬಯ್ದದ್ದು ಪೂರ್ತಿ ಕೇಳ್ಲಿಲ್ಲ. ಒಂದು ಕಿವಿ ಮಂದ ಅಲ್ವಾ" ಎಂದು ನಕ್ಕರು.

ನನಗೆ ತಲೆ ಕೆಡುವುದು ಇಲ್ಲಿಯೇ. ಡಿಸೆಂಬರಿನ ಮೂರು ವಾರ ನಾನು ಬೇಕೆಂದೇ ಅವರ ಕಡೆ ನೋಡಲಿಲ್ಲ. ಜನವರಿಯಲ್ಲಿ ನೋಡಲಾಗದೆ ಹೋಯಿತು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು? ಮೆದುಳು ಬಿಟ್ಟುಬಿಡಲು ಅವರು ಕೂರುವ ಬದಿಯೇ ಯಾಕೆ ಬೇಕಿತ್ತು? ಕ್ಲಾಟ್ ಎಲ್ಲಿ ಕೂರುತ್ತದೋ ಅಲ್ಲಿ ಕೂರುತ್ತದೆ, ಅದಕ್ಕೂ ಜಗಳಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಒಪ್ಪುತ್ತೇನೆ. ಒಪ್ಪಿದ ಮೇಲೂ ಆ ಪ್ರಶ್ನೆ ಬರುತ್ತದೆ.

ಎರಡು ವಾರದ ಮೇಲೆ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದೆವು. ಒಮ್ಮೆ ಕಂಡ ಮೇಲೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಎಡಗಡೆ ಒಂದಿದೆ ಎಂದು ಗೊತ್ತು. ಗೊತ್ತಿದ್ದರೂ ಅದು ತಾನಾಗಿ ಬರುವುದಿಲ್ಲ. ಬಾಗಿಲ ಎಡ ಚೌಕಟ್ಟಿಗೆ ಹೆಗಲು ಬಡಿಯುತ್ತಿತ್ತು. ಅರ್ಧ ಗಡ್ಡ ಬೋಳಿಸಿ ಎದ್ದುಬರುತ್ತಿದ್ದೆ. ಪೇಪರ್ ಓದಿದರೆ ಸಾಲುಗಳಿಗೆ ತಲೆಯಿಲ್ಲ, ಬಾಲ ಮಾತ್ರ. ಈಗಿನವರಿಗೆ ಬರೆಯಲು ಬರುವುದಿಲ್ಲ ಎಂದು ಪೇಪರಿನವರನ್ನು ಬಯ್ದೆ. ಹಳೇ ಮಸ್ಟರ್ ಪುಸ್ತಕ ತರಿಸಿ ನೋಡಿದೆ. ಬಲಗಡೆ ಗುರುತುಗಳ ಸಾಲು ಸಾಲೇ ಇತ್ತು. ಯಾರ ಗುರುತು ಎಂದು ಹೇಳುವ ಹೆಸರುಗಳು ಇರಲಿಲ್ಲ.

ಅವತ್ತು ಪುಸ್ತಕ ಮುಚ್ಚಿಟ್ಟು ಸಾವಿತ್ರಿಗೆ ಹೇಳಿದೆ: "ಮುಗೀತು ಕಣೆ. ಹೆಸರು ಕಾಣ್ದವ್ನು ರೈಟರ್ ಆಗಕ್ಕಾಗಲ್ಲ." ಕುಶಾಲನಗರದ ಕಡೆ ಹೋಗಿ ತಮ್ಮನ ಮನೆಯ ಹತ್ತಿರ ಇದ್ದುಬಿಡೋಣ ಎಂದೆ. ಅವಳು ಮೊಯ್ದು ಅವರಿಗೆ ಹೇಳಿಕಳಿಸಿದಳು.

ಮೊಯ್ದು ಸಂಜೆ ಬಂದರು. ಬಂದವರು ನನ್ನ ಎಡ ಮಣಿಕಟ್ಟಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿದರು. ಫಿಸಿಯೋ ಹುಡುಗಿ ಹೇಳಿದ್ದಳಂತೆ, ಎಡಗಡೆ ಒಂದು ಕೆಂಪು ಗುರುತು ಇದ್ದರೆ ಗಮನ ಆ ಕಡೆ ಹೋಗುತ್ತದೆ ಎಂದು. ನನಗೆ ಉರಿಯಿತು. ಆ ಪಟ್ಟಿ ಎಲ್ಲಿಯದೆಂದು ನನಗೆ ಗೊತ್ತಿಲ್ಲವೇ? ಅರೇಬಿಕಾ ಬ್ಲಾಕಿನಲ್ಲಿ ಬೋರರ್ ಹುಳು ಹೊಕ್ಕ ಗಿಡಕ್ಕೆ ಕಟ್ಟುವ ಬಟ್ಟೆ. ಅದನ್ನು ಕಟ್ಟಿದ ಗಿಡವನ್ನು ಕಿತ್ತು ಸುಡುತ್ತಾರೆ. ಎಷ್ಟು ಗಿಡ ಹೋಯಿತೆಂದು ನಾನೇ ಬರೆಯುತ್ತಿದ್ದೆ.

"ನನ್ನನ್ನೂ ಕೀಳೋದಾ ಮೇಸ್ತ್ರಿ?"

ಅವರು ಗಂಟು ಬಿಗಿ ಮಾಡುತ್ತಲೇ ಇದ್ದರು. "ಕೀಳೋದು ಆಮೇಲೆ. ಬಟ್ಟೆ ಕಟ್ಟೋದು ದೂರದಿಂದ ಕಾಣ್ಲಿ ಅಂತ. ಆಫೀಸಿನಲ್ಲಿ ಬೇರೆ ಬಟ್ಟೆ ಇರ್ಲಿಲ್ಲ. ನಾಳೆ ಬೆಳಿಗ್ಗೆ ರೆಡಿ ಇರಿ."

ಕ್ವಾರ್ಟರ್ಸಿನ ಹಿಂದೆ ಹನ್ನೆರಡು ರೊಬಸ್ಟಾ ಗಿಡಗಳಿವೆ. ಎಲ್ಲ ಕಡೆ ಪಿಕಿಂಗ್ ಮುಗಿಯುತ್ತ ಬಂದಿದ್ದರೂ ಆ ಹನ್ನೆರಡನ್ನು ಮೊಯ್ದು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಹಣ್ಣು ಕೆಂಪಾಗಿ, ಕೆಲವು ಕಪ್ಪಾಗಲು ಶುರುವಾಗಿದ್ದವು. ಬೆಳಿಗ್ಗೆ ಬಂದು ನನ್ನ ಸೊಂಟಕ್ಕೆ ಚೀಲ ಕಟ್ಟಿದರು.

"ಒಂದು ಗಿಡ. ಕುಯ್ದು ಮುಗ್ಸಿ ಹೇಳಿ" ಎಂದರು.

ಬಲಗೈಯಲ್ಲಿ ಕಿತ್ತೆ. ಎಡಗೈಯಲ್ಲಿ ರೆಂಬೆ ಹಿಡಿಯಲು ನೋಡಿದೆ, ಬೆರಳು ಅರ್ಧ ಮಾತ್ರ ಮಡಚಿತು. ಮುಕ್ಕಾಲು ಗಂಟೆ ಹಿಡಿಯಿತು, ಬೆವರು ಕಿತ್ತುಕೊಂಡು ಬಂತು. ಆದರೂ ಚೀಲದಲ್ಲಿ ಹಣ್ಣಿನ ಭಾರ ಬಿದ್ದಾಗ ಆಸ್ಪತ್ರೆಗೆ ಹೋದ ಮೇಲೆ ಮೊದಲ ಸಲ ಖುಷಿಯಾಯಿತು. ಗಿಡವನ್ನು ಮೇಲಿಂದ ಕೆಳಗೆ ನೋಡಿದೆ. ಒಂದು ಹಣ್ಣು ಇರಲಿಲ್ಲ.

"ಕ್ಲೀನ್" ಎಂದೆ.

ಮೊಯ್ದು ನನ್ನ ತೋಳು ಹಿಡಿದು ಗಿಡದ ಎಡಕ್ಕೆ ನಡೆಸಿದರು. ಒಂದು ಹೆಜ್ಜೆ, ಎರಡು, ಮೂರು. ನಿಲ್ಲಿಸಿದರು.

ಅರ್ಧ ಗಿಡ ಕೆಂಪಗೆ ನಿಂತಿತ್ತು.

ನಾನು ಆ ಮಣ್ಣಿನಲ್ಲೇ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ಎಷ್ಟು ಹೆಂಗಸರನ್ನು ಇದೇ ತಪ್ಪಿಗೆ ನಿಲ್ಲಿಸಿ ಬಯ್ದಿದ್ದೇನೆ. ಅವರಿಗಾದರೂ ಆಚೆ ಬದಿ ಇದೆಯೆಂದು ಗೊತ್ತಿತ್ತು. ಮೊಯ್ದು ಈಗ ಒಂದು ಮಾತು ಅಂದುಬಿಟ್ಟಿದ್ದರೆ, ಕಣ್ಣು ಕಾಣದಿದ್ದರೆ ಮನೆಯಲ್ಲಿ ಕೂರಿ ಎಂದುಬಿಟ್ಟಿದ್ದರೆ, ಲೆಕ್ಕ ಸರಿಹೋಗುತ್ತಿತ್ತು. ನಾನು ಕಾದೆ. ಅವರೂ ನನ್ನ ಪಕ್ಕ ಕೂತರು. ಎಲ್ಲಿ ಕೂತರೆಂದು ಕತ್ತು ತಿರುಗಿಸಿ ಹುಡುಕಬೇಕಾಯಿತು.

"ಅವತ್ತು ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು ಮೇಸ್ತ್ರಿ. ತಪ್ಪಾಯ್ತು" ಎಂದೆ.

"ಹೌದು, ಹೇಳಬಾರದಿತ್ತು" ಎಂದರು. ಪರವಾಗಿಲ್ಲ ಅನ್ನಲಿಲ್ಲ. "ಬೇಜಾರಾಗಿತ್ತು ರೈಟ್ರೆ. ಕೆಲಸ ಬಿಟ್ಟು ಹೋಗುವ ಅಂತ ಇದ್ದೆ. ಆಮೇಲೆ ನೀವು ಬಿದ್ರಿ. ಜೀಪಿಗೆ ಹತ್ತಿಸುವಾಗ ಬಲಗೈಯಲ್ಲಿ ನನ್ನ ಅಂಗಿ ಹಿಡ್ಕೊಂಡ್ರಿ, ಮೈಸೂರುವರೆಗೆ ಬಿಡ್ಲಿಲ್ಲ. ನಾನು ಎಲ್ಲಿಗೆ ಹೋಗೋದು?"

ಇದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಕಾಣದವರ ಅಂಗಿಯನ್ನು ಕೈ ಹೇಗೆ ಹಿಡಿದುಕೊಂಡಿತೋ.

ಆಮೇಲೆ ಅವರು ಎದ್ದು ನನ್ನನ್ನೂ ಎಬ್ಬಿಸಿದರು. ಹೊಸ ಹೆಂಗಸರು ಬಂದಾಗ ಅವರು ಕಲಿಸುವ ಒಂದು ಕ್ರಮವಿದೆ. ದೊಡ್ಡ ಚೀಲವನ್ನು ಗಿಡದ ಬುಡದಲ್ಲಿ ಇಡಬೇಕು, ಅಲ್ಲಿಂದ ಶುರುಮಾಡಿ ಎಡಕ್ಕೇ ಸುತ್ತಬೇಕು. ಗಿಡ ಮುಗಿಯಿತೆಂದು ಕಣ್ಣು ಹೇಳಿದರೆ ನಂಬಬಾರದು. ಕಾಲಿಗೆ ಚೀಲ ತಾಗಿದಾಗಲೇ ಮುಗಿದದ್ದು. ನಾನು ದಿನಾ ಕೇಳಿದ ಮಾತು ಇದು. ಬರೆಯುವವನಿಗೆ ಬೇಡದ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ.

"ಕಣ್ಣಿನ ಮಾತು ಬಿಡಿ. ಚೀಲ ಸಿಗುವವರೆಗೆ ನಡೀರಿ" ಎಂದರು.

ನಡೆದೆ. ಎಡಕ್ಕೆ, ಎಡಕ್ಕೆ. ಇನ್ನೇನೂ ಇಲ್ಲ ಅನ್ನಿಸಿದಲ್ಲೆಲ್ಲ ಇನ್ನೊಂದು ರೆಂಬೆ ಇತ್ತು. ಕೊನೆಗೆ ಕಾಲಿಗೆ ಚೀಲ ತಾಗಿತು. ಹನ್ನೆರಡು ಗಿಡಕ್ಕೆ ಒಂಬತ್ತು ದಿನ ಬೇಕಾಯಿತು. ಮೊಯ್ದು ದಿನಾ ಕೆಲಸಕ್ಕೆ ಹೋಗುವ ಮೊದಲು ಬಂದು ನಾನು ಬಿಟ್ಟದ್ದನ್ನು ತೋರಿಸುತ್ತಿದ್ದರು. ಅವರು ಕಿತ್ತುಕೊಡುತ್ತಿರಲಿಲ್ಲ, ನನ್ನಿಂದಲೇ ಕೀಳಿಸುತ್ತಿದ್ದರು.

ಆಮೇಲೆ ಎಲ್ಲಕ್ಕೂ ಅದನ್ನೇ ಹಚ್ಚಿದೆವು. ಊಟದ ತಟ್ಟೆಯ ಎಡಕ್ಕೆ ಸಾವಿತ್ರಿ ನೀರಿನ ಲೋಟ ಇಡುತ್ತಾಳೆ. ಕೈಗೆ ಲೋಟ ತಾಗದೆ ಊಟ ಮುಗಿದಿಲ್ಲ. ಕೋಣೆಗೆ ಹೋದರೆ ಬಾಗಿಲಿಂದ ಎಡಗೋಡೆ ಸವರಿಕೊಂಡು ಸುತ್ತಿ ಬಾಗಿಲಿಗೇ ಬರುವುದು. ಪುಸ್ತಕದ ಎಡ ಅಂಚಿಗೆ ಆ ಕೆಂಪು ಪಟ್ಟಿಯನ್ನೇ ಅಂಟಿಸಿದೆ, ಕೆಂಪು ಕಂಡ ಮೇಲೆ ಸಾಲು ಓದುವುದು. ಪೇಪರಿನವರಿಗೆ ಬರೆಯಲು ಬರುತ್ತದೆ ಎಂದು ಗೊತ್ತಾಯಿತು. ಮಾರ್ಚಿನಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾದಾಗ ಜಗಲಿಯಲ್ಲಿ ಕೂತು ಎಡಕ್ಕೆ ಕತ್ತು ತಿರುಗಿಸಿದೆ. ಅಲ್ಲೂ ಬೆಳ್ಳಗಿತ್ತು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸುಸ್ತಾದರೆ ಎಡಗಡೆ ಮತ್ತೆ ಜಾರಿಹೋಗುತ್ತದೆ. ಮೊನ್ನೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಮ್ಮತ್ತಿ ಸಂತೆಯವರೆಗೆ ಹೋಗಿದ್ದೆ. ಗಾಡಿ ಓಡಿಸಬಾರದು ಎಂದಿದ್ದಾರೆ. ಮಾತ್ರೆ ಜೀವನಪೂರ್ತಿ. ಇನ್ನೊಮ್ಮೆ ಆಗಬಹುದೇ ಎಂದರೆ, ಆಗದಂತೆ ನೋಡಿಕೊಳ್ಳೋಣ ಎನ್ನುತ್ತಾರೆ ಡಾಕ್ಟರು. ಆ ಉತ್ತರ ಯಾವ ಬದಿಗೆ ಸೇರಿದ್ದೋ ನನಗೆ ಗೊತ್ತಾಗುವುದಿಲ್ಲ.

ಈ ಡಿಸೆಂಬರಿನಲ್ಲಿ ಪಿಕಿಂಗ್ ಶುರುವಾದಾಗ ಮ್ಯಾನೇಜರ್ ಕರೆಸಿದರು. ನನ್ನ ಜಾಗಕ್ಕೆ ಬಂದಿದ್ದ ಹೊಸ ರೈಟರ್ ಬರೆಯಲಿ, ನೀವು ಒಂದು ದಿನ ಮಸ್ಟರ್ ಕೂಗಿ ನೋಡಿ, ಸಾಧ್ಯವಾದರೆ ಮುಂದುವರಿಸೋಣ ಎಂದರು. ಆಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಏಳೂವರೆ. ಅದೇ ಕಣ, ಅದೇ ಸಾಲು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಹೆಂಗಸರು ಕೆಮ್ಮುವುದನ್ನೂ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಎದುರಿಗೆ ಕಂಡ ಮೊದಲ ಮುಖದಿಂದ ಶುರುಮಾಡಬೇಕೆಂದು ಬಾಯಿ ತೆರೆದವನು ತಡೆದುಕೊಂಡೆ. ಕಣ್ಣಿನ ಮಾತು ಕೇಳಬಾರದು. ಕತ್ತು ಎಡಕ್ಕೆ ತಿರುಗಿಸಿದೆ. ಇಷ್ಟೇ, ಮುಗಿಯಿತು ಅನ್ನಿಸಿತು. ಇನ್ನೂ ತಿರುಗಿಸಿದೆ. ಮುಖಗಳು ಒಂದೊಂದಾಗಿ ಬಂದವು. ಇನ್ನೂ ಸ್ವಲ್ಪ. ಗಲ್ಲ ಹೆಗಲಿಗೆ ತಾಗಿತು.

ಸಾಲಿನ ತುದಿಯಲ್ಲಿ ಚೌಕಳಿ ಟವೆಲು ಹೊದ್ದು ಮೊಯ್ದು ನಿಂತಿದ್ದರು. ಮೇಸ್ತ್ರಿ ಆಳುಗಳ ಸಾಲಿನಲ್ಲಿ ನಿಲ್ಲುವುದಿಲ್ಲ, ರೈಟರನ ಪಕ್ಕದಲ್ಲಿ ನಿಲ್ಲುತ್ತಾರೆ. ಮಸ್ಟರಿನಲ್ಲಿ ಮೇಸ್ತ್ರಿಯ ಹೆಸರು ಕೂಗುವ ಪದ್ಧತಿಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಿನವೂ ಕೂಗಿದವನಲ್ಲ. ಅವತ್ತು ನನಗೆ ಎಡದ ತುದಿ ಸಿಗಲೆಂದೇ ಅವರು ಅಲ್ಲಿ ನಿಂತಿದ್ದರು; ಕಾಲಿಗೆ ಚೀಲ ತಾಗಿದ ಹಾಗಾಯಿತು.

"ಮೊಯ್ದು ಮೇಸ್ತ್ರಿ" ಎಂದು ಕೂಗಿದೆ.

ಅವರು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು.

"ಇದ್ದೇನೆ ರೈಟ್ರೆ. ಮುಂದಿನ ಹೆಸರು ಕೂಗಿ" ಎಂದರು.